ವಂತಿಗೆಯ ವೈದ್ಯ: ಕಣಗಿನಹಾಳದಿಂದ ಯಶಸ್ವಿನಿಯವರೆಗೆ

ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯೊಂದು ಇದ್ದುದನ್ನು ಹಿರಿಯ ವಾಚಕರು ಬಲ್ಲರು. ಮದುವೆಯ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಕೊಟ್ಟರೆಂಬುದನ್ನು ಬರೆದಿಡುವರು. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅಷ್ಟನ್ನೋ, ಅದಕ್ಕಿಂತ ತುಸು ಹೆಚ್ಚನ್ನೋ ತಿರುಗಿ ಒಪ್ಪಿಸುವರು. ನಾಟಿ ಕೊಯ್ಲುಗಳಲ್ಲಿ ಮುಯ್ಯಾಳುಗಳಾಗಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುವುದೂ ಇದೇ ಲೆಕ್ಕವೇ. ಬಡ್ಡಿಯಿಲ್ಲದ ಈ ವ್ಯವಹಾರವು ಒಂದು ಮನೆಯ ಭಾರವನ್ನು ಊರಿನ ಮೇಲೆ ಹಂಚಿ ಹಗುರ ಮಾಡುತ್ತಿತ್ತು. ಆದರೆ ಕಾಯಿಲೆಗೆ ಮುಯ್ಯಿ ಇರಲಿಲ್ಲ. ಮದುವೆಗಾದರೆ ಮುಹೂರ್ತವುಂಟು, ಕಾಯಿಲೆ ಹೇಳಿ ಕೇಳಿ ಬರುವುದೆ? ಅದು ಬಂದಾಗ ಮನೆಯವರು ಹಸುವನ್ನು ಮಾರಿದರು, ಒಡವೆಯನ್ನು ಒತ್ತೆಯಿಟ್ಟರು, ಕೊನೆಗೆ ಮುಂಬಯಿಯಲ್ಲಿರುವ ಮಗನಿಗೆ ಕಾಗದ ಬರೆದರು. ಈಗ ಕಾಗದದ ಬದಲು ಫೋನು ಬರುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮ ಸಂಘ ಸಂಸ್ಥೆಗಳ ಕಚೇರಿಗಳಿಗೆ ಆಸ್ಪತ್ರೆಯ ಬಿಲ್ಲು ಲಗತ್ತಿಸಿದ ಸಹಾಯದ ಅರ್ಜಿಗಳು ಇಂದಿಗೂ ಬರುತ್ತಲೇ ಇವೆ.

ವಿಮೆ ಇದೆಯಲ್ಲ ಎನ್ನಬಹುದು. ಕಾರ್ಮಿಕರ ರಾಜ್ಯವಿಮೆಯು 1952ರಲ್ಲಿ ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಮೊದಲಾಯಿತು. ಕೇಂದ್ರ ಸರಕಾರದ ನೌಕರರಿಗಾಗಿ 1954ರಲ್ಲಿ ದಿಲ್ಲಿಯಲ್ಲಿ ಆರೋಗ್ಯ ಯೋಜನೆ ಬಂದಿತು. ಸಾರ್ವಜನಿಕ ವಿಮಾ ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ಹೊರತಂದವು. ಇವೆಲ್ಲವೂ ಸಂಬಳದ ಚೀಟಿ ಇದ್ದವರಿಗೆ, ಇಲ್ಲವೆ ಪ್ರೀಮಿಯಂ ಕಟ್ಟುವ ತ್ರಾಣವಿದ್ದವರಿಗೆ ಸಂದವು. ಊರಿನಲ್ಲಿರುವ, ಅರವತ್ತು ದಾಟಿದ ತಾಯಿತಂದೆಗಳಿಗಾಗಿ ಪಾಲಿಸಿ ವಿಚಾರಿಸಲು ಹೋದವರಿಗೆ ಆ ಪ್ರೀಮಿಯಮ್ಮಿನ ಬಿಸಿ ಎಷ್ಟೆಂಬುದನ್ನು ನಾವು ಹೇಳಬೇಕಾಗಿಲ್ಲ. ಕಂಪನಿಯ ಪಾಲಿಸಿಯನ್ನು ಬಿಟ್ಟು, ಜನರೇ ಕೂಡಿ ವಂತಿಗೆ ಎತ್ತಿ ಕಾಯಿಲೆಯ ಖರ್ಚನ್ನು ಹಂಚಿಕೊಂಡ ಇನ್ನೊಂದು ದಾರಿಯ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಕನ್ನಡನಾಡಿಗೆ ಹಿರಿಯ ಸ್ಥಾನವೂ ಇದೆ.

ಆ ದಾರಿಯ ಮೂಲ ಆಸ್ಪತ್ರೆಯಲ್ಲಿಲ್ಲ, ಪತ್ತಿನ ಸಂಘದಲ್ಲಿದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಚರಿತ್ರೆ ಬರೆಯುವವರು ಈ ಹಳ್ಳಿಯ ಹೆಸರಿನಿಂದಲೇ ಪ್ರಾರಂಭಿಸುವುದು ವಾಡಿಕೆ. ಅದರ ಮುಂದಿನ ವರ್ಷ ಇದೇ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಕೆನರಾ ಸೀಮೆಯಿಂದ ಬಂದು ಈ ನಗರದಲ್ಲಿ ಗುಮಾಸ್ತಗಿರಿ ಮಾಡಿಕೊಂಡಿದ್ದ ಸಾರಸ್ವತ ಕುಟುಂಬಗಳು ಸಾಹುಕಾರರ ಬಡ್ಡಿಯಿಂದ ಪಾರಾಗಬೇಕೆಂಬುದು ಅದರ ಉದ್ದೇಶ. ಹಳ್ಳಿಯ ರೈತರಿಗೂ ನಗರದ ಗುಮಾಸ್ತರಿಗೂ ಒಂದೇ ಮದ್ದು ಹತ್ತಿತೆಂಬುದು ಗಮನಾರ್ಹ. ಒಬ್ಬರನ್ನೊಬ್ಬರು ಬಲ್ಲ ಜನರು ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿಟ್ಟರೆ, ಹೊರಗಿನವನ ಮುಂದೆ ಕೈಯೊಡ್ಡಬೇಕಾಗಿಲ್ಲ.

ಇದೇ ಯುಕ್ತಿಯನ್ನು ರೋಗಕ್ಕೆ ಅನ್ವಯಿಸಿದ ಒಂದು ಪರದೇಶದ ಉದಾಹರಣೆಯನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ವೇಲ್ಸ್ ಸೀಮೆಯ ಟ್ರೆಡಿಗಾರ್ ಎಂಬ ಗಣಿಯೂರಿನಲ್ಲಿ 1890ರಲ್ಲಿ ಕೆಲಸಗಾರರ ವೈದ್ಯಸಹಾಯ ಸಂಘವೊಂದು ಹುಟ್ಟಿತು. ಕೂಲಿಯಿಂದ ಪೌಂಡಿಗೆ ಮೂರು ಪೆನ್ನಿಯಂತೆ ಮುರಿದುಕೊಂಡು, ಸಂಘವೇ ವೈದ್ಯರನ್ನು ನೇಮಿಸಿ, ಕೆಲಸಗಾರನಿಗಷ್ಟೇ ಅಲ್ಲದೆ ಅವನ ಹೆಂಡಿರು ಮಕ್ಕಳಿಗೂ ಔಷಧೋಪಚಾರ ಒದಗಿಸುತ್ತಿತ್ತು. ಅಲ್ಲಿ ಕೆಲಕಾಲ ವೈದ್ಯನಾಗಿದ್ದ ಕ್ರೋನಿನ್ ಎಂಬಾತ ಆ ಅನುಭವದಿಂದ 1937ರಲ್ಲಿ ‘ದಿ ಸಿಟಡೆಲ್’ ಕಾದಂಬರಿ ಬರೆದನು. 1971ರಲ್ಲಿ ದೇವ್ ಆನಂದ್ ನಟಿಸಿದ ‘ತೇರೆ ಮೇರೆ ಸಪ್ನೆ’ಯನ್ನು ನೋಡಿದ ನಮ್ಮ ಹಿರಿಯರು ತಮಗರಿಯದಂತೆಯೇ ಈ ಕಥೆಯನ್ನು ಕಂಡಿದ್ದಾರೆ! ಸಂಘದ ಆಸ್ಪತ್ರೆ ಸಮಿತಿಯಲ್ಲಿ ದುಡಿದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾಗಿ, 1948ರ ಜುಲೈ 5ರಂದು ಇಡೀ ದೇಶಕ್ಕೆ ಉಚಿತ ವೈದ್ಯಸೇವೆಯನ್ನು ತಂದನು.

ನಮ್ಮ ನೆರೆಯಲ್ಲೇ, ವರ್ಧಾ ಬಳಿಯ ಸೇವಾಗ್ರಾಮದ ಕಸ್ತೂರಬಾ ಆಸ್ಪತ್ರೆಯವರು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ ಇನ್ನೂ ಸೊಗಸಾದುದು. ಅಲ್ಲಿ ವಂತಿಗೆಯನ್ನು ಜೋಳದಲ್ಲಿ ಅಳೆದುಕೊಂಡರು. ಸುಗ್ಗಿಯಾದ ಕೂಡಲೇ ಮನೆಮನೆಯಿಂದ ಜೋಳ ಬರುವುದು. ಭೂಮಿಯಿಲ್ಲದವರು ಕಡಿಮೆ, ಭೂಮಿಯುಳ್ಳವರು ಹೆಚ್ಚು. ಊರಿನ ಮುಕ್ಕಾಲು ಪಾಲು ಜನ ಸೇರದಿದ್ದರೆ ಆ ಊರನ್ನು ಯೋಜನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಈ ಕಟ್ಟಳೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಯಶಸ್ವಿನಿಯ ಮಾತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕವು ಒಂದರ ಮೇಲೊಂದು ಬರಗಾಲವನ್ನು ಕಂಡಿತು. ಆಗ ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ಡಾ. ದೇವಿಪ್ರಸಾದ ಶೆಟ್ಟಿಯವರು ಒಂದು ವಿಚಾರವನ್ನು ಮುಂದಿಟ್ಟರು. ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದಿವೆ, ಶಸ್ತ್ರಕ್ರಿಯೆಯ ಕೊಠಡಿಗಳು ಪೂರ್ತಿ ಉಪಯೋಗವಾಗುತ್ತಿಲ್ಲ; ಇತ್ತ ಹಳ್ಳಿಯ ರೋಗಿ ದುಡ್ಡಿಲ್ಲದೆ ಮನೆಯಲ್ಲೇ ನರಳುತ್ತಿದ್ದಾನೆ. ಒಂದು ವರ್ಷದಲ್ಲಿ ಶಸ್ತ್ರಕ್ರಿಯೆ ಬೇಕಾಗುವವರು ಸಾವಿರದಲ್ಲಿ ಕೆಲವರೇ. ಹಾಗಾದರೆ ಸಾವಿರ ಮಂದಿಯೂ ಚೂರುಪಾರು ಕೊಟ್ಟರೆ ಆ ಕೆಲವರ ಖರ್ಚು ಹುಟ್ಟದೆ? ಲೆಕ್ಕವೇನೋ ಸರಿ. ಆದರೆ ಲಕ್ಷಾಂತರ ರೈತರಿಂದ ಐದೈದು ರೂಪಾಯಿ ವಸೂಲು ಮಾಡುವವರು ಯಾರು? ಬ್ಯಾಂಕಿನಲ್ಲಿ ಕುಳಿತು ಲೆಕ್ಕ ಬರೆಯುವ ನಮ್ಮಂಥವರಿಗೆ ಇದೇ ಮೊದಲು ಏಳುವ ಪ್ರಶ್ನೆ. ಐದು ರೂಪಾಯಿ ತರಲು ಹತ್ತು ರೂಪಾಯಿ ಖರ್ಚಾದರೆ ಯೋಜನೆ ಹುಟ್ಟುವ ಮೊದಲೇ ಸತ್ತಂತೆ.

ಇದಕ್ಕೆ ಉತ್ತರವಾದುದು ನೂರು ವರ್ಷದ ಹಳೆಯ ಸಹಕಾರ ಸಂಘಗಳ ಬಲೆ. ಕಣಗಿನಹಾಳದ ಸಂತತಿಯೆಂದರೂ ತಪ್ಪಾಗದು. ಹಳ್ಳಿಹಳ್ಳಿಯಲ್ಲಿ ಪತ್ತಿನ ಸಂಘವುಂಟು, ಹಾಲಿನ ಡೇರಿಯುಂಟು, ಸದಸ್ಯರ ಪಟ್ಟಿಯುಂಟು, ಪ್ರತಿ ಮನೆಯನ್ನೂ ಹೆಸರಿಟ್ಟು ಬಲ್ಲ ಕಾರ್ಯದರ್ಶಿಯುಂಟು. ಸಹಕಾರ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳಾಗಿದ್ದ ಎ. ರಾಮಸ್ವಾಮಿಯವರು ಈ ಬಲೆಯನ್ನು ವಂತಿಗೆ ಎತ್ತಲು ತೊಡಗಿಸಿದರು. 2002ರ ನವೆಂಬರ್ 14ರಂದು ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಯೋಜನೆಯನ್ನು ಉದ್ಘಾಟಿಸಿದರು. 2003ರ ಜೂನ್ 1ರಿಂದ ಚಿಕಿತ್ಸೆ ದೊರೆಯತೊಡಗಿತು. ತಲೆಗೆ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60. ಸರಕಾರವು ಅದಕ್ಕೆ ತನ್ನದೊಂದು 30 ರೂಪಾಯಿ ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು; ಸುಮಾರು 9 ಸಾವಿರ ಶಸ್ತ್ರಕ್ರಿಯೆಗಳು ನಡೆದವು. ಎಂದರೆ ಹತ್ತಿರ ಹತ್ತಿರ 180 ಜನರ ವಂತಿಗೆಗೆ ಒಂದು ಶಸ್ತ್ರಕ್ರಿಯೆ. ನಾಲ್ಕೈದು ಬೀದಿಗಳ ಜನ ಕೂಡಿ ಒಬ್ಬರನ್ನು ಮಂಚದಿಂದ ಎಬ್ಬಿಸಿದಂತಾಯಿತು!

ಇದರಲ್ಲಿ ವಿಮಾ ಕಂಪನಿ ಇರಲಿಲ್ಲವೆಂಬುದೇ ವಿಶೇಷ. ಹಣವು ಒಂದು ಟ್ರಸ್ಟಿಗೆ ಜಮೆಯಾಗುವುದು. ಒಂದೊಂದು ಶಸ್ತ್ರಕ್ರಿಯೆಗೂ ದರವನ್ನು ಮೊದಲೇ ಗೊತ್ತುಮಾಡಿ, ಟ್ರಸ್ಟು ನೇರವಾಗಿ ಆಸ್ಪತ್ರೆಗೆ ಸಲ್ಲಿಸುವುದು. ರೋಗಿಯ ಕೈಗೆ ಬಿಲ್ಲೇ ಬಾರದು. ಸಾವಿರದ ಆರುನೂರಕ್ಕೂ ಮಿಕ್ಕಿದ ಬಗೆಯ ಶಸ್ತ್ರಕ್ರಿಯೆಗಳು ಪಟ್ಟಿಯಲ್ಲಿದ್ದವು. ಒಂದಕ್ಕೆ ಒಂದು ಲಕ್ಷ, ವರ್ಷಕ್ಕೆ ಎರಡು ಲಕ್ಷ ರೂಪಾಯಿ ಮಿತಿ. ಜ್ವರ, ಕ್ಷಯ, ಸಕ್ಕರೆ ಕಾಯಿಲೆಗಳಂಥ, ಕತ್ತರಿ ಮುಟ್ಟದ ರೋಗಗಳಿಗೆ ಒಳರೋಗಿಯಾಗಿ ಸೇರುವ ವೆಚ್ಚ ಮಾತ್ರ ಇದರಲ್ಲಿ ಸೇರಿರಲಿಲ್ಲ. ಇದು ದೊಡ್ಡ ಕೊರತೆಯೇ ಸರಿ. ಬಡವನ ದುಡ್ಡು ದಿನದಿನದ ಮಾತ್ರೆಗೂ ಸೋರಿಹೋಗುತ್ತದೆ.

ಎರಡನೆಯ ವರ್ಷ ಸದಸ್ಯರು 20 ಲಕ್ಷದ ಮೇಲಾದರು. ಆದರೆ ಖರ್ಚೂ ಏರಿತು. 2005ರಲ್ಲಿ ವಂತಿಗೆಯನ್ನು 60ರಿಂದ 120ಕ್ಕೆ ಏರಿಸಿದಾಗ ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ಹೀಗೆ ದರ ಏರಿದಾಗ ಯಾರು ಬಿಡುತ್ತಾರೆ? ಗಟ್ಟಿಮುಟ್ಟಾಗಿರುವವರು. ಮನೆಯಲ್ಲಿ ಐದು ಮಂದಿ ಇದ್ದರೆ, ಎದೆನೋವಿನ ತಂದೆಯ ಹೆಸರನ್ನು ತಪ್ಪದೆ ಬರೆಸಿ, ಉಳುವ ಮಗನದನ್ನು ‘ಇವನಿಗೇನಾಗಿದೆ’ ಎಂದು ಬಿಡುವುದು ಸಹಜ. ಉಳಿಯುವವರಲ್ಲಿ ರೋಗಿಗಳೇ ಹೆಚ್ಚಾದರೆ ಡಬ್ಬಿ ಬೇಗ ಬರಿದಾಗುತ್ತದೆ. ಬರಿದಾದರೆ ದರ ಮತ್ತೆ ಏರುತ್ತದೆ. ಏರಿದರೆ ಮತ್ತಷ್ಟು ಗಟ್ಟಿಗರು ಹೊರಡುತ್ತಾರೆ. ಸೇವಾಗ್ರಾಮದವರು ಮುಕ್ಕಾಲು ಊರು ಸೇರಲೇಬೇಕೆಂದು ಹಟ ಹಿಡಿದುದರ ಮರ್ಮ ಇದೇ. ಯಶಸ್ವಿನಿಯು ತಲೆಲೆಕ್ಕದಲ್ಲಿ ಹೊರಟುದೇ ಅದರ ದೌರ್ಬಲ್ಯವಾಯಿತೆಂದು ನಮ್ಮ ಅಭಿಪ್ರಾಯ.

ಕರಾವಳಿಯ ವಾಚಕರು ಇಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ಸಂಪೂರ್ಣ ಸುರಕ್ಷಾ’ವನ್ನು ನೆನೆಯಬಹುದು. 2004ರಲ್ಲಿ ಹೊರಟ ಅದು ಸ್ವಸಹಾಯ ಸಂಘಗಳ ಮೂಲಕ ಇಡೀ ಕುಟುಂಬವನ್ನೇ ಒಂದಾಗಿ ಎಣಿಸಿತು. ಆದರೆ ಹಿಂದೆ ವಿಮಾ ಕಂಪನಿಗಳಿದ್ದವು.

ಯಶಸ್ವಿನಿಯು ಚೇತರಿಸಿಕೊಂಡು, ಸರಕಾರದ ಸಹಾಯ ಹೆಚ್ಚಿಸಿಕೊಂಡು, ಹದಿನೈದು ವರ್ಷ ನಡೆಯಿತು. 2018ರ ಮಾರ್ಚಿಯಲ್ಲಿ ‘ಆರೋಗ್ಯ ಕರ್ನಾಟಕ’ ಬಂದಾಗ ಅದನ್ನು ಇದರೊಳಗೆ ಲೀನಗೊಳಿಸಿದರು. ಮೇ 31ಕ್ಕೆ ಹಳೆಯ ಯಶಸ್ವಿನಿ ಮುಗಿಯಿತು. ಅದೇ ವರ್ಷದ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತವೂ ಕೂಡಿಕೊಂಡು, ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಎಂದಾಯಿತು. ಬಡವನಿಗೆ ಇದು ನಿಜವಾದ ಲಾಭ, ಅಲ್ಲಗಳೆಯುವಂತಿಲ್ಲ. ಆದರೆ ಎರಡೆಕರೆ ತೆಂಗು, ಒಂದು ಹಸು ಇಟ್ಟುಕೊಂಡು ರೇಖೆಯಿಂದ ಗೇಣುದ್ದ ಮೇಲಿದ್ದವನಿಗೆ ವೆಚ್ಚದ ಒಂದು ಭಾಗವಷ್ಟೇ ದೊರೆಯುವಂತಾಯಿತು. ನಾವು ಬಿಟ್ಟು ಬಂದ ಮನೆಗಳಲ್ಲಿ ಇಂಥವರೇ ಹೆಚ್ಚಲ್ಲವೆ? ವಂತಿಗೆ ಕೊಟ್ಟು ಹಕ್ಕಿನಿಂದ ಆಸ್ಪತ್ರೆಗೆ ಹೋಗುತ್ತಿದ್ದವನು ಪಡಿತರ ಚೀಟಿಯ ಬಣ್ಣ ತೋರಿಸಿ ನಿಲ್ಲಬೇಕಾಯಿತು.

ಸಹಕಾರಿಗಳ ಒತ್ತಾಯದ ಫಲವಾಗಿ ಯೋಜನೆ ಮತ್ತೆ ಚಿಗುರಿತು. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಹೊಸ ನೋಂದಣಿ ಆರಂಭವಾಯಿತು. 2023ರ ಜನವರಿ 1ರಿಂದ ಚಿಕಿತ್ಸೆ. ಈ ಸಲ ತಲೆಲೆಕ್ಕವನ್ನು ಬಿಟ್ಟು ಕುಟುಂಬಲೆಕ್ಕವನ್ನು ಹಿಡಿದಿದ್ದರು. ಗ್ರಾಮೀಣ ಸಂಘಗಳಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ನಗರದ ಸಂಘಗಳಲ್ಲಿ 1000 ಮತ್ತು 200. ಪರಿಶಿಷ್ಟ ಜಾತಿ ಪಂಗಡಗಳವರ ವಂತಿಗೆಯನ್ನು ಸರಕಾರವೇ ಭರಿಸಿತು. ಕುಟುಂಬಕ್ಕೆ ವರ್ಷದ ಮಿತಿ 5 ಲಕ್ಷ.

ಇದಕ್ಕೆ ಸೇರಲು ಸಹಕಾರ ಸಂಘದ ಸದಸ್ಯತ್ವವೇ ಬಾಗಿಲು. ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಸಂಘದ ಪಾಲುಪತ್ರ ಎಷ್ಟೋ ಕಡೆ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದು, ಟ್ರಂಕಿನ ತಳ ಸೇರಿರುತ್ತದೆ. ಊರಿನಲ್ಲಿರುವ ತಂದೆಯವರು ಡೇರಿಗೆ ಹಾಲು ಹಾಕಿದರೂ ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ. ದೀಪಾವಳಿಗೆ ಊರಿಗೆ ಹೋಗುವವರು ಆ ಪತ್ರವನ್ನು ಹುಡುಕಿ ತೆಗೆದು, ಸಂಘದ ಕಾರ್ಯದರ್ಶಿಯವರನ್ನು ಕಂಡು, ಹೆಸರು ಬದಲಾಯಿಸಲು ಬೇಕಾದ ಕಾಗದಗಳಾವುವು, ಆ ವರ್ಷದ ನೋಂದಣಿ ಎಂದಿನವರೆಗೆ ಎಂಬುದನ್ನು ಕೇಳಿಕೊಂಡು ಬರಬಹುದು.