ಆತಕೂರಿನ ಕಾಳಿ, ಮುಧೋಳದ ರಿಯಾ

ದೇವನಹಳ್ಳಿ ಏರ್‌ಪೋರ್ಟ್‌ಗೆ ಹೋದವರು ಸಿಐಎಸ್‌ಎಫ್ ನಾಯಿಗಳನ್ನ ನೋಡಿರ್ತೀರಿ. ಲಗೇಜು ಮೂಸಿ ತನ್ನ ಪಾಡಿಗೆ ತಾನು ಮುಂದೆ ಹೋಗುತ್ತೆ. ಜನ ಗೌರವದಿಂದ ದಾರಿ ಬಿಡ್ತಾರೆ. ಅದೇ ಜನ ಊರೊಳಗೆ ಬಂದು ಬೀದಿಯಲ್ಲಿ ನಾಯಿ ಕಂಡರೆ ಕಲ್ಲು ಹುಡುಕ್ತಾರೆ! ಹೀಗಿರುವಾಗ ನಾಯಿ ಮಾಡುವ ಕೆಲಸವನ್ನೇ ಆಟ ಮಾಡಿ, ವಾಸನೆ ಹಿಡಿಯೋದು, ಮಾತು ಕೇಳೋದು, ಕಾವಲು ಕಾಯೋದು ಇವನ್ನೆಲ್ಲ ಮೈದಾನದಲ್ಲಿ ಸ್ಪರ್ಧೆಗೆ ಇಟ್ಟರೆ ನಮ್ಮ ಜನ ಒಪ್ತಾರಾ?

ಇದೆಲ್ಲ ಫಾರಿನ್ ಶೋಕಿ ಅನ್ನೋರಿಗೆ ನಾನು ಆತಕೂರಿನ ಕಲ್ಲು ತೋರಿಸ್ತೀನಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರದು. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ಹೊತ್ತು. ಗಂಗರ ಬೂತುಗನ ಕಡೆಯ ವೀರ ಮಣಲೇರನಿಗೆ, ಏನು ಬೇಕೋ ಕೇಳು ಅಂತ ಅರಸ ಹೇಳಿದ. ಈತ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ನಾಯಿ ಕೇಳಿದ! ಮುಂದೆ ಬೇಟೆಯಲ್ಲಿ ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ತಟ್ಟುತ್ತೆ ಅಂತಲೂ ಬರೆಸಿದರು. ಬೈಗುಳಕ್ಕೂ ನಾಯಿ, ನಿಯತ್ತಿಗೂ ನಾಯಿ ಅನ್ನುವ ನಮ್ಮ ಭಾಷೆಯಲ್ಲೇ ಕೆತ್ತಿದ ಶಾಸನ ಇದು.

ಅಂದರೆ ನಮ್ಮವರು ಮೆಚ್ಚಿದ್ದು ನಾಯಿಯ ಅಂದವನ್ನಲ್ಲ, ಕೆಲಸವನ್ನ. ಆ ಕೆಲಸವೇ ಆಮೇಲೆ ಕೈತಪ್ಪಿತು. ಮುಧೋಳ ನಾಯಿಯ ಕಥೆ ನೋಡಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟ ಮೇಲೆ ಈ ತಳಿಗೆ ಊರಿನ ಹೆಸರೇ ಗಟ್ಟಿಯಾಯ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬೀಗ ಹಾಕಿತು. ಕಾಯ್ದೆ ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಓಡೋದಕ್ಕೇ ಹುಟ್ಟಿದ ನಾಯಿ ಮಾತ್ರ ನಿರುದ್ಯೋಗಿ ಆಯ್ತು. 2005ರಲ್ಲಿ ಅಂಚೆಚೀಟಿ ಮೇಲೆ ಬಂತು. ಅಂಚೆಚೀಟಿಯಲ್ಲಿ ಓಡೋಕಾಗುತ್ತಾ?

ಜರ್ಮನಿಯವರು ಈ ಅಪಾಯವನ್ನ ಬೇಗ ಕಂಡರು. 1899ರಲ್ಲಿ ಜರ್ಮನ್ ಶೆಫರ್ಡ್ ಸಂಘ ಕಟ್ಟಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್‌ಗೆ, ಕುರಿ ಕಾಯುವ ಕೆಲಸ ಹೋದರೆ ನಾಯಿ ಬರೀ ಚಂದದ ಗೊಂಬೆ ಆಗುತ್ತೆ ಅನ್ನುವ ಆತಂಕ. ಆ ಸಂಘದಿಂದಲೇ ಹುಟ್ಟಿದ್ದು ಷುಟ್ಸ್‌ಹುಂಡ್ ಸ್ಪರ್ಧೆ: ಜಾಡು ಹಿಡಿಯೋದು, ವಿಧೇಯತೆ, ರಕ್ಷಣೆ.

ನಮ್ಮ ನಾಯಿಗೆ ಆ ತಾಕತ್ತಿಲ್ಲ ಅಂತೀರಾ? 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಬಿಎಸ್‌ಎಫ್‌ನ ರಿಯಾ, ನಮ್ಮ ಮುಧೋಳ ತಳಿಯ ನಾಯಿ, ವಿದೇಶಿ ತಳಿಗಳನ್ನ ಹಿಂದೆ ಹಾಕಿ ಮೊದಲ ಬಹುಮಾನ ಹೊಡೀತು. ಆದರೆ ಅದು ಪೊಲೀಸರ ಸ್ಪರ್ಧೆ. ಮುಧೋಳದಲ್ಲಿ ಮರಿ ಸಾಕುವ ರೈತನ ನಾಯಿಗೆ ಅಂಥ ಅಖಾಡ ಎಲ್ಲಿದೆ?

ಇಲ್ಲಿ ಕಂಬಳದ ದಾರಿ ನೆನಪಾಗುತ್ತೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅದು ಮುಗೀತು ಅಂದುಕೊಂಡಿದ್ರು. ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸಂವಿಧಾನ ಪೀಠ ಒಪ್ಪಿತು, ಅದೇ ನವೆಂಬರ್‌ನಲ್ಲಿ ಕೋಣಗಳು ಬೆಂಗಳೂರಿನ ಅರಮನೆ ಮೈದಾನದಲ್ಲೇ ಓಡಿದವು. ಆದರೆ ಕಂಬಳಕ್ಕೆ ಬೆನ್ನಿಗೆ ಊರಿತ್ತು, ದೈವ ಇತ್ತು. ನಾಯಿ ಆಟಕ್ಕೆ ಅದಿಲ್ಲ. ಮೇಲಾಗಿ ಬೀದಿನಾಯಿ ಕಡಿತದ ಸುದ್ದಿ ನಾವೇ ದಿನಾ ಓದ್ತೀವಿ. ಮಗುವಿಗೆ ನಾಯಿ ಕಚ್ಚಿಸಿಕೊಂಡ ತಾಯಿಯ ಮುಂದೆ, ತೋಳುಪಟ್ಟಿ ಕಟ್ಟಿಕೊಂಡವನ ಮೇಲೆ ನಾಯಿ ಎಗರೋದನ್ನ ಕ್ರೀಡೆ ಅಂತ ಹೇಗೆ ತೋರಿಸ್ತೀರಿ? ಅದು ತರಬೇತಿಯ ಶಿಸ್ತು, ಬಿಡು ಅಂದರೆ ಬಿಡುವುದೇ ಅದರ ಅಸಲಿ ಪರೀಕ್ಷೆ ಅನ್ನೋದು ನಿಜ. ಆ ತಾಯಿ ಅದನ್ನ ಮೊದಲ ದಿನವೇ ಒಪ್ಪಲ್ಲ, ಒಪ್ಪಬೇಕಾಗೂ ಇಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಶುರು ಮಾಡೋದಾದರೆ ಮೂಗಿನಿಂದ ಶುರುವಾಗಲಿ. ದೇವನಹಳ್ಳಿ ಸುತ್ತಿನ ಯಾವುದಾದರೂ ಜಾತ್ರೆ ಬಯಲಲ್ಲಿ ಹತ್ತು ಪೆಟ್ಟಿಗೆ ಇಡಿ, ಒಂದರಲ್ಲಿ ವಾಸನೆ ಬಚ್ಚಿಡಿ, ಊರ ನಾಯಿ, ಮುಧೋಳ ನಾಯಿ ಎರಡನ್ನೂ ಬಿಡಿ. ಕಲ್ಲು ಹುಡುಕುವ ಕೈಗಳು ಆವತ್ತು ಏನು ಮಾಡ್ತವೆ ಅಂತ ನೋಡೋಣ.