ಒಂದು ಸುತ್ತಿನ ಲೆಕ್ಕ: ಜರ್ಮನಿಯ ಪೋರ್ಷೆ, ಜಪಾನಿನ ಸ್ಕೈಲೈನ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಶಾಲೆ ಕಟ್ಟಿದವರ ಬಗ್ಗೆ, ನಮ್ಮನ್ನು ತಿದ್ದಿದ ಗುರುಗಳ ಬಗ್ಗೆ ನನಗಿಂತ ಹಿರಿಯರು ಚೆನ್ನಾಗಿ ಬರೆಯುತ್ತಾರೆ. ಹಾಗಾಗಿ ನಾನು ಎಂಜಿನಿಯರಿಂಗ್ ಓದುವಾಗಿನಿಂದ ಆಸಕ್ತಿಯಿಂದ ಹಿಂಬಾಲಿಸಿಕೊಂಡು ಬಂದ ಒಂದು ಇತಿಹಾಸವನ್ನು ಇಲ್ಲಿ ಹೇಳಲು ಇಷ್ಟಪಡುತ್ತೇನೆ. ಅದು ಜರ್ಮನಿಯ ಪೋರ್ಷೆ ಕಾರಿಗೂ ಜಪಾನಿನ ಸ್ಕೈಲೈನ್ ಕಾರಿಗೂ ನಡೆದ ದೀರ್ಘ ಪೈಪೋಟಿಯ ಕಥೆ. ಎರಡರಲ್ಲಿ ಯಾವುದು ಹೆಚ್ಚು ವೇಗ ಎಂದು ಕೇಳುವುದು ಸುಲಭ. ಅದನ್ನು ಇಬ್ಬರಿಗೂ ನ್ಯಾಯವಾಗುವಂತೆ ಅಳೆಯುವುದು ಮಾತ್ರ ಕಷ್ಟ. ಈ ಕಷ್ಟಕ್ಕೂ ನಮ್ಮ ಶಾಲೆಗೂ ಸಂಬಂಧವಿದೆ ಎಂದು ನನಗನ್ನಿಸುತ್ತದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸುಜುಕಾದ ಏಳನೇ ಸುತ್ತು

ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ವಿಮಾನ ತಯಾರಿಕೆ ನಿಂತುಹೋಯಿತು. ಅಲ್ಲಿನ ವಿಮಾನ ಎಂಜಿನಿಯರುಗಳಲ್ಲಿ ಹಲವರು ಕಾರು ತಯಾರಿಕೆಗೆ ಬಂದರು. ಹಾಗೆ ಬೆಳೆದ ಕಂಪನಿಗಳಲ್ಲಿ ಪ್ರಿನ್ಸ್ ಒಂದು. ಅದರ ಸ್ಕೈಲೈನ್ 1500 ಸಿಸಿ ಎಂಜಿನ್ನಿನ, ನಾಲ್ಕು ಬಾಗಿಲಿನ, ಸಂಸಾರಸ್ಥರ ಕಾರು. 1963ರ ಮೊದಲ ಜಪಾನ್ ಗ್ರಾಂಡ್ ಪ್ರಿ ಸ್ಪರ್ಧೆಯಲ್ಲಿ ಪ್ರಿನ್ಸ್ ಕಾರುಗಳು ಹಿಂದೆ ಬಿದ್ದವು. ಮರುವರ್ಷಕ್ಕೆ ಸಿದ್ಧವಾಗಲು ಶಿನಿಚಿರೊ ಸಕುರಾಯ್ ಮತ್ತು ಅವರ ಸಂಗಡಿಗರು ಒಂದು ಉಪಾಯ ಮಾಡಿದರು. ಸ್ಕೈಲೈನ್ ಕಾರಿನ ಮೂತಿಯನ್ನು 200 ಮಿಲಿಮೀಟರ್ ಉದ್ದ ಮಾಡಿ, ತಮ್ಮದೇ ದೊಡ್ಡ ಕಾರು ಗ್ಲೋರಿಯಾದ ಆರು ಸಿಲಿಂಡರಿನ ಎರಡು ಲೀಟರ್ ಎಂಜಿನ್ ಕೂರಿಸಿದರು.

1964ರ ಮೇ 3ರಂದು ಸುಜುಕಾದಲ್ಲಿ ಸ್ಪರ್ಧೆ. ಅಲ್ಲಿ ಅವರೆದುರು ಇದ್ದದ್ದು ಪೋರ್ಷೆ 904. ಅದರ ಎಂಜಿನ್ ಕೂಡ ಎರಡು ಲೀಟರಿನದೇ. ಆದರೆ ಅದು ಸ್ಪರ್ಧೆಗೆಂದೇ ಹುಟ್ಟಿದ ಕಾರು: ಎಂಜಿನ್ ಚಾಲಕನ ಬೆನ್ನ ಹಿಂದೆ, ಮೇಲ್ಮೈ ಫೈಬರ್‌ಗ್ಲಾಸಿನದು, ಎತ್ತರ ಕಡಿಮೆ, ತೂಕ ಕಡಿಮೆ. ಅಭ್ಯಾಸದ ಓಟದಲ್ಲಿ ಅದು ಅಪಘಾತಕ್ಕೊಳಗಾಗಿ ಅವಸರದಲ್ಲಿ ದುರಸ್ತಿಯಾಗಿತ್ತು. ಆದರೂ ಚಾಲಕ ಸೊಕಿಚಿ ಶಿಕಿಬಾ ಅದನ್ನು ಗೆಲುವಿಗೆ ಒಯ್ದರು. ಎರಡರಿಂದ ಆರನೆಯವರೆಗಿನ ಸ್ಥಾನಗಳೆಲ್ಲ ಸ್ಕೈಲೈನ್‌ಗೆ ಬಂದವು.

ಜಪಾನಿನವರು ಇಂದಿಗೂ ನೆನೆಯುವುದು ಮೊದಲ ಸ್ಥಾನವನ್ನಲ್ಲ, ಏಳನೇ ಸುತ್ತನ್ನು. ಆ ಒಂದು ಸುತ್ತಿನಲ್ಲಿ ತೆತ್ಸು ಇಕುಜಾವಾ ಓಡಿಸುತ್ತಿದ್ದ ಸ್ಕೈಲೈನ್ ಪೋರ್ಷೆಯನ್ನು ಹಿಂದೆ ಹಾಕಿ ಮುಂದೆ ಬಂದಿತ್ತು. ಸಂಸಾರಸ್ಥರ ಕಾರೊಂದು ಪೋರ್ಷೆಯ ಮುಂದೆ ಓಡಿತು ಎಂಬ ಮಾತು ದೇಶವೆಲ್ಲ ಹರಡಿತು.

ಸೋಲು ಕಲಿಸಿದ ಪಾಠ

ಒಂದು ಸುತ್ತಿನ ಸಂಭ್ರಮದಲ್ಲಿ ಎಂಜಿನಿಯರುಗಳು ಮೈಮರೆಯಲಿಲ್ಲ. ಎರಡೂ ಕಾರಿನ ಎಂಜಿನ್ ಎರಡು ಲೀಟರಿನದೇ ಆಗಿದ್ದರೂ ಸೋತದ್ದೇಕೆ? ತೂಕ, ಆ ತೂಕ ಎಲ್ಲಿ ಕುಳಿತಿದೆ ಎಂಬುದು, ಗಾಳಿಯನ್ನು ಸೀಳುವ ಆಕಾರ ಎಲ್ಲವೂ ಪೋರ್ಷೆಯ ಪರವಾಗಿದ್ದವು. ಆದ್ದರಿಂದ ಅವರು ಎಂಜಿನ್ ಮಧ್ಯದಲ್ಲಿರುವ ಆರ್380 ಎಂಬ ಹೊಸ ಕಾರನ್ನೇ ಕಟ್ಟಿದರು. 1966ರಲ್ಲಿ ಫ್ಯೂಜಿ ಪರ್ವತದ ಬಳಿಯ ಟ್ರ್ಯಾಕಿನಲ್ಲಿ ಆರ್380 ಗೆದ್ದಿತು. ಪೋರ್ಷೆ 906 ಸೋತಿತು. ಅದೇ ವರ್ಷ ಪ್ರಿನ್ಸ್ ಕಂಪನಿ ನಿಸ್ಸಾನ್ ಜೊತೆ ವಿಲೀನವಾಯಿತು.

1967ರಲ್ಲಿ ಮತ್ತೆ ಪೋರ್ಷೆ 906 ಗೆದ್ದಿತು. ಅದನ್ನು ಓಡಿಸಿದವರು ಯಾರು ಗೊತ್ತೇ? ಮೂರು ವರ್ಷದ ಹಿಂದೆ ಸ್ಕೈಲೈನ್‌ನಲ್ಲಿ ಪೋರ್ಷೆಯನ್ನು ಹಿಂದೆ ಹಾಕಿದ್ದ ಅದೇ ಇಕುಜಾವಾ! ಎದುರಾಳಿಯ ಕಾರು ಹೇಗಿದೆ ಎಂದು ಅದರೊಳಗೆ ಕುಳಿತೇ ನೋಡಿದ ಮನುಷ್ಯ ಅವರು.

ಆರ್380ಯ ಎಂಜಿನ್ನಿನಿಂದ ಬೆಳೆದ ಎಂಜಿನ್ 1969ರಲ್ಲಿ ಸ್ಕೈಲೈನ್ ಜಿಟಿ-ಆರ್ ಎಂಬ ಹೆಸರಿನಲ್ಲಿ ರಸ್ತೆಗಿಳಿಯಿತು. ಆದರೆ 1970ರ ದಶಕದ ಹೊಗೆ ನಿಯಮಗಳು ಮತ್ತು ತೈಲ ಬಿಕ್ಕಟ್ಟಿನ ಕಾಲದಲ್ಲಿ ಇಂಥ ಕಾರಿಗೆ ಜಾಗವಿರಲಿಲ್ಲ. 1973ರ ನಂತರ ಹದಿನಾರು ವರ್ಷ ಜಿಟಿ-ಆರ್ ಎಂಬ ಹೆಸರೇ ಇರಲಿಲ್ಲ.

ಹಸಿರು ನರಕ

ಪೈಪೋಟಿಯ ಎರಡನೇ ಭಾಗ ನಡೆದದ್ದು ಜರ್ಮನಿಯಲ್ಲಿ. ಅಲ್ಲಿನ ಐಫೆಲ್ ಬೆಟ್ಟಗಳ ನಡುವೆ, ಹಳೆಯ ಕೋಟೆಯೊಂದನ್ನು ಸುತ್ತುವರಿದು ನ್ಯೂರ್ಬರ್ಗ್‌ರಿಂಗ್ ಎಂಬ ಟ್ರ್ಯಾಕಿದೆ. ಆ ಬಡ ಪ್ರದೇಶದ ಜನರಿಗೆ ಕೆಲಸ ಸಿಗಲಿ ಎಂಬ ಉದ್ದೇಶವೂ ಸೇರಿ 1925ರಲ್ಲಿ ಕೆಲಸ ಆರಂಭವಾಯಿತು. 1927ರಲ್ಲಿ ಟ್ರ್ಯಾಕ್ ತೆರೆಯಿತು. ಅದರ ಉತ್ತರ ಸುತ್ತಿನ ಉದ್ದ 20 ಕಿಲೋಮೀಟರಿಗೂ ಹೆಚ್ಚು, ತಿರುವುಗಳು 70ಕ್ಕೂ ಹೆಚ್ಚು, ಏರಿಳಿತ ಸುಮಾರು 300 ಮೀಟರ್. ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದವರಿಗೆ ಇದು ಹೇಗಿರಬಹುದೆಂದು ಗೊತ್ತಾಗುತ್ತದೆ. ವಿಶ್ವ ಚಾಂಪಿಯನ್ ಜಾಕಿ ಸ್ಟೀವರ್ಟ್ ಇದಕ್ಕೆ ಹಸಿರು ನರಕ ಎಂದು ಹೆಸರಿಟ್ಟರು.

ಇಂಥ ಜಾಗದಲ್ಲಿ ಎಂಜಿನ್ನಿನ ಶಕ್ತಿಯೊಂದೇ ಸಾಲದು. ಭೌತಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ಒಂದೇ ತಿರುವಿನಲ್ಲಿ ವೇಗ ಎರಡರಷ್ಟಾದರೆ, ಕಾರನ್ನು ಒಳಮುಖವಾಗಿ ಹಿಡಿದಿಡಲು ನಾಲ್ಕರಷ್ಟು ಬಲ ಬೇಕು. ಆ ಬಲವೆಲ್ಲ ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯಿಂದಲೇ ಬರಬೇಕು. ನಾಲ್ಕು ಟೈರುಗಳು ನೆಲ ಮುಟ್ಟುವ ಜಾಗವೋ ಬಹಳ ಚಿಕ್ಕದು.

ಈ ಲೆಕ್ಕಕ್ಕೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. 1963ರಲ್ಲಿ ಮೊದಲು ಪ್ರದರ್ಶನಗೊಂಡ ಪೋರ್ಷೆ 911ರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದಿದೆ. ಇದರಿಂದ ತಿರುವು ಮುಗಿಸಿ ಹೊರಡುವಾಗ ಹಿಂದಿನ ಟೈರುಗಳಿಗೆ ಒಳ್ಳೆಯ ಹಿಡಿತ. ಆದರೆ ಚಾಲಕ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಹೊರಕ್ಕೆ ತಿರುಗುತ್ತದೆ. ಪೋರ್ಷೆಯವರು ಆ ಆಕಾರವನ್ನು ಕೈಬಿಡದೆ ದಶಕಗಳ ಕಾಲ ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಬಂದರು.

ನಿಸ್ಸಾನ್ 1989ರಲ್ಲಿ ಆರ್32 ಎಂಬ ಹೊಸ ಜಿಟಿ-ಆರ್ ತಂದಿತು. ಎಂಜಿನ್ 2.6 ಲೀಟರ್, ಎರಡು ಟರ್ಬೊ, ಹೇಳಿಕೊಂಡ ಶಕ್ತಿ 280 ಅಶ್ವಶಕ್ತಿ. ಅದನ್ನು ರೂಪಿಸುವಾಗ ಅವರು ಎದುರಿಗಿಟ್ಟುಕೊಂಡ ಗುರಿ ಪೋರ್ಷೆ 944 ಟರ್ಬೊ. ಸಾಮಾನ್ಯವಾಗಿ ಹಿಂದಿನ ಚಕ್ರಗಳೇ ಎಳೆಯುತ್ತವೆ. ಅವು ಜಾರಲು ಶುರುವಾದರೆ ಕಂಪ್ಯೂಟರ್ ಅದನ್ನು ಗುರುತಿಸಿ, ಬೇಕಾದಷ್ಟು ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಕಳಿಸುತ್ತದೆ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಈ ಕಾರು ಇಷ್ಟವಾಗಲು ಇದೇ ಕಾರಣ. ಜಪಾನಿನ ಟೂರಿಂಗ್ ಕಾರ್ ಸ್ಪರ್ಧೆಯಲ್ಲಿ 1990ರಿಂದ 1993ರವರೆಗೆ 29 ಓಟಗಳು ನಡೆದವು. 29ನ್ನೂ ಇದೇ ಕಾರು ಗೆದ್ದಿತು.

ನ್ಯೂರ್ಬರ್ಗ್‌ರಿಂಗ್‌ನಲ್ಲಿ ಆರ್32ರ ಸಮಯ ಸುಮಾರು 8 ನಿಮಿಷ 20 ಸೆಕೆಂಡು. ಅದರ ನಂತರದ ಆರ್33 ಅದನ್ನು 7 ನಿಮಿಷ 59 ಸೆಕೆಂಡಿಗೆ ಇಳಿಸಿತು. ಉಳಿಸಿದ 21 ಸೆಕೆಂಡನ್ನೇ ನಿಸ್ಸಾನ್ ತನ್ನ ಜಾಹೀರಾತು ಮಾಡಿಕೊಂಡಿತು. ಹೀಗೆ ಆ ಟ್ರ್ಯಾಕಿನ ಸಮಯ ಕಾರು ಮಾರುವ ಸಂಖ್ಯೆಯಾಯಿತು. ಜಗಳ ಶುರುವಾದದ್ದೂ ಆಮೇಲೆಯೇ.

ಗಡಿಯಾರದ ಜಗಳ

2007ರ ಕೊನೆಗೆ ನಿಸ್ಸಾನ್ ಸ್ಕೈಲೈನ್ ಎಂಬ ಹೆಸರನ್ನು ಬಿಟ್ಟು, ಬರೀ ಜಿಟಿ-ಆರ್ ಎಂದು ಹೊಸ ಕಾರನ್ನು ಮಾರುಕಟ್ಟೆಗೆ ತಂದಿತು. ಎಂಜಿನ್ 3.8 ಲೀಟರ್, ಶಕ್ತಿ 480 ಅಶ್ವಶಕ್ತಿ, ತೂಕ ಸುಮಾರು 1740 ಕಿಲೋ. ಅಮೆರಿಕದಲ್ಲಿ ಅದರ ಬೆಲೆ ಪೋರ್ಷೆ 911 ಟರ್ಬೊದ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. 2008ರ ಏಪ್ರಿಲ್‌ನಲ್ಲಿ ತೊಶಿಯೊ ಸುಜುಕಿ ಅದನ್ನು ನ್ಯೂರ್ಬರ್ಗ್‌ರಿಂಗ್‌ನಲ್ಲಿ 7 ನಿಮಿಷ 29 ಸೆಕೆಂಡಿನಲ್ಲಿ ಸುತ್ತಿಸಿದರು ಎಂದು ನಿಸ್ಸಾನ್ ಘೋಷಿಸಿತು.

ಪೋರ್ಷೆಯವರಿಗೆ ನಂಬಿಕೆ ಬರಲಿಲ್ಲ. ಅವರು ಅಮೆರಿಕದಲ್ಲಿ ಒಂದು ಜಿಟಿ-ಆರ್ ಕೊಂಡು, ಅದೇ ಟ್ರ್ಯಾಕಿಗೆ ತಂದು ತಾವೇ ಓಡಿಸಿ ನೋಡಿದರು. 911 ವಿಭಾಗದ ಮುಖ್ಯಸ್ಥ ಆಗಸ್ಟ್ ಆಖ್ಲೈಟ್ನರ್ ಫಲಿತಾಂಶವನ್ನು ಬಹಿರಂಗವಾಗಿ ಹೇಳಿದರು: ಜಿಟಿ-ಆರ್ 7 ನಿಮಿಷ 54 ಸೆಕೆಂಡು, 911 ಟರ್ಬೊ 7 ನಿಮಿಷ 38 ಸೆಕೆಂಡು, 911 ಜಿಟಿ2 7 ನಿಮಿಷ 34 ಸೆಕೆಂಡು. ನಿಸ್ಸಾನ್ ಓಡಿಸಿದ್ದು ಅಂಗಡಿಯಲ್ಲಿ ಸಿಗುವ ಕಾರು ಇರಲಾರದು, ಟೈರು ಬೇರೆ ಇರಬಹುದು ಎಂಬುದು ಅವರ ಅನುಮಾನ. ನಿಸ್ಸಾನ್ ಅದನ್ನು ನಿರಾಕರಿಸಿತು. ಕಾರು ಮಾಮೂಲಿನದೇ, ಅದನ್ನು ಓಡಿಸುವ ರೀತಿ ತಿಳಿದಿರಬೇಕು ಎಂಬ ಧಾಟಿಯಲ್ಲಿ ಉತ್ತರ ಕೊಟ್ಟಿತು.

ಇಲ್ಲಿ ಯಾರೋ ಒಬ್ಬರು ಸುಳ್ಳು ಹೇಳಿದ್ದಾರೆ ಎಂದು ತೀರ್ಮಾನಿಸುವುದು ಸುಲಭ. ಒಂದು ಲೆಕ್ಕ ಮಾಡಿ ನೋಡೋಣ. ದೂರ 20.6 ಕಿಲೋಮೀಟರ್ ಎಂದಿಟ್ಟುಕೊಂಡರೆ, 7 ನಿಮಿಷ 29 ಸೆಕೆಂಡಿನ ಸುತ್ತಿನ ಸರಾಸರಿ ವೇಗ ಗಂಟೆಗೆ ಸುಮಾರು 165 ಕಿಲೋಮೀಟರ್. 7 ನಿಮಿಷ 54 ಸೆಕೆಂಡಿನದು ಸುಮಾರು 156 ಕಿಲೋಮೀಟರ್. ವ್ಯತ್ಯಾಸ 25 ಸೆಕೆಂಡು. ಅದನ್ನು 70 ತಿರುವುಗಳಿಗೆ ಹಂಚಿದರೆ ಒಂದು ತಿರುವಿಗೆ ಸುಮಾರು 0.36 ಸೆಕೆಂಡು, ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಕಾರನ್ನು ರೂಪಿಸುವಾಗಿನಿಂದ ಓಡಿಸಿ ಅದರ ಗುಣ ಬಲ್ಲವನಿಗೂ, ಎದುರಾಳಿಯ ಕಾರನ್ನು ಹೊಸದಾಗಿ ಹಿಡಿದವನಿಗೂ ಪ್ರತಿ ತಿರುವಿನಲ್ಲಿ ಅಷ್ಟು ಅಂತರ ಬರಲಾರದೇ? ಟ್ರ್ಯಾಕಿನ ತೇವ, ಗಾಳಿಯ ಉಷ್ಣಾಂಶ, ಟೈರಿನ ಸವೆತ ಇವೂ ಸೇರುತ್ತವೆ. ಜಗಳಕ್ಕೆ ನಿಜವಾದ ಕಾರಣ ಇನ್ನೊಂದಿತ್ತು. ತನ್ನ ಕಾರಿನ ಸಮಯವನ್ನು ತಾನೇ ಅಳೆದು ತಾನೇ ಪ್ರಕಟಿಸುವುದು ಅಂದಿನ ರೂಢಿಯಾಗಿತ್ತು. ಪರೀಕ್ಷೆ ಬರೆದವನೇ ತನ್ನ ಉತ್ತರ ಪತ್ರಿಕೆಯ ಮೌಲ್ಯಮಾಪನವನ್ನೂ ಮಾಡಿದಂತೆ.

ಗೆರೆ ಎಲ್ಲಿದೆ?

ಅಳೆಯುವ ದೂರವೂ ಒಂದೇ ಆಗಿರಲಿಲ್ಲ. ಪೂರ್ಣ ಸುತ್ತಿನ ಉದ್ದ 20.832 ಕಿಲೋಮೀಟರ್. ಆದರೆ ಅನೇಕ ಕಂಪನಿಗಳು ಪ್ರೇಕ್ಷಕರ ಗ್ಯಾಲರಿಯ ಬಳಿಯ ಒಂದು ಚಿಕ್ಕ ಭಾಗವನ್ನು ಬಿಟ್ಟು 20.6 ಕಿಲೋಮೀಟರ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದವು. 2019ರಲ್ಲಿ ಟ್ರ್ಯಾಕಿನ ಆಡಳಿತದವರು ನಿಯಮ ತಂದರು. ಅಧಿಕೃತ ದಾಖಲೆಗೆ ಪೂರ್ಣ ಸುತ್ತನ್ನೇ ಅಳೆಯಬೇಕು. ಓಟ ನೋಟರಿಯ ಸಮಕ್ಷಮದಲ್ಲಿ ನಡೆಯಬೇಕು. ಕಾರು ಮಾರಾಟದ ಕಾರೇ ಹೌದೆ ಎಂದು ಪರಿಶೀಲಿಸಬೇಕು.

2021ರ ಜೂನ್‌ನಲ್ಲಿ ಲಾರ್ಸ್ ಕೆರ್ನ್ ಪೋರ್ಷೆ 911 ಜಿಟಿ2 ಆರ್‌ಎಸ್ ಕಾರನ್ನು, ಮಾಂಥೈ ಸಂಸ್ಥೆಯ ಬಿಡಿಭಾಗಗಳನ್ನು ಅಳವಡಿಸಿಕೊಂಡು, ಪೂರ್ಣ ಸುತ್ತಿನಲ್ಲಿ 6 ನಿಮಿಷ 43.3 ಸೆಕೆಂಡಿನಲ್ಲಿ ಓಡಿಸಿದರು. ಅದೇ ಓಟವನ್ನು ಹಳೆಯ 20.6 ಕಿಲೋಮೀಟರಿನ ಲೆಕ್ಕದಲ್ಲಿ ನೋಡಿದರೆ ಸುಮಾರು 6 ನಿಮಿಷ 38.8 ಸೆಕೆಂಡು. ಕಾರು ಅದೇ, ಚಾಲಕ ಅವನೇ, ದಿನವೂ ಅದೇ. ಗೆರೆ ಬದಲಾಯಿಸಿದ್ದಕ್ಕೇ ನಾಲ್ಕೂವರೆ ಸೆಕೆಂಡಿನ ವ್ಯತ್ಯಾಸ! ಜಿಟಿ-ಆರ್‌ನ ಶ್ರೇಷ್ಠ ಸಮಯ ನಿಸ್ಮೊ ಎಂಬ ಮಾದರಿಯದು: 2013ರಲ್ಲಿ 7 ನಿಮಿಷ 8.679 ಸೆಕೆಂಡು. ಹದಿನೆಂಟು ವರ್ಷ ತಯಾರಾದ ಆ ಕಾರಿನ ಉತ್ಪಾದನೆ 2025ರ ಆಗಸ್ಟ್‌ನಲ್ಲಿ ನಿಂತಿತು. ಸಂಖ್ಯೆಯಲ್ಲಿ ಪೋರ್ಷೆ ಮುಂದಿದೆ. ಆದರೆ ಅರ್ಧದಷ್ಟು ಬೆಲೆಯ ಎದುರಾಳಿಯೊಬ್ಬ ಹಿಂದೆಯೇ ಬರುತ್ತಿದ್ದಾನೆ ಎಂಬ ಎಚ್ಚರ ಪೋರ್ಷೆಗೂ ಲಾಭವೇ ಆಯಿತೆಂದು ನನ್ನ ಭಾವನೆ.

ನಮ್ಮ ಶಾಲೆಯ ಅಳತೆ

ನನ್ನ ಕೆಲಸದಲ್ಲಿ ಎರಡು ಪ್ರೋಗ್ರಾಂಗಳ ವೇಗವನ್ನು ಹೋಲಿಸುವ ಸಂದರ್ಭ ಆಗಾಗ ಬರುತ್ತದೆ. ಆಗ ನಾವು ಮೊದಲು ಕೇಳುವುದು ಯಾವ ಕಂಪ್ಯೂಟರಿನಲ್ಲಿ, ಎಷ್ಟು ಮಾಹಿತಿ ಕೊಟ್ಟು, ಯಾರು ಅಳೆದರು ಎಂದು. ಉತ್ತರ ಸಿಗುವವರೆಗೆ ಆ ಸಂಖ್ಯೆಯನ್ನು ಯಾರೂ ಒಪ್ಪುವುದಿಲ್ಲ.

ಆದರೆ ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ಈ ಪ್ರಶ್ನೆ ನಮಗೆ ಮರೆತುಹೋಗುತ್ತದೆ. ಪೇಟೆಯ ಶಾಲೆಯ ಶೇಕಡಾವಾರು ಇಷ್ಟು, ನಮ್ಮದು ಇಷ್ಟು ಎಂದು ಹೇಳಿ ಮುಗಿಸುತ್ತೇವೆ. ಪರೀಕ್ಷೆ ಎಲ್ಲರಿಗೂ ಒಂದೇ, ಮೌಲ್ಯಮಾಪನ ಮಾಡುವವರು ಹೊರಗಿನವರು. ಅಷ್ಟರಮಟ್ಟಿಗೆ ಅಳತೆ ಪ್ರಾಮಾಣಿಕ. ಆದರೆ ಓಟ ಶುರುವಾದ ಗೆರೆ ಒಂದೇ ಅಲ್ಲ. ಪ್ರವೇಶ ಪರೀಕ್ಷೆ ಮಾಡಿ ಆಯ್ದ ಮಕ್ಕಳನ್ನು ಸೇರಿಸಿಕೊಂಡ ಶಾಲೆಯ ಗೆರೆ ಒಂದು ಕಡೆ. ಎಂಟನೇ ತರಗತಿಗೆ ಬರುವಾಗ ಕನ್ನಡವನ್ನೇ ತಡವರಿಸಿ ಓದುವ, ಸಂಜೆ ದನ ಮೇಯಿಸಿ ಬಂದು ಪುಸ್ತಕ ಹಿಡಿಯುವ, ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಕಂಡ ಮಗುವನ್ನೂ ಬಾ ಎಂದು ಕರೆದುಕೊಳ್ಳುವ ನಮ್ಮ ಶಾಲೆಯ ಗೆರೆ ಇನ್ನೊಂದು ಕಡೆ. ಅಂಥ ಮಗು 60 ಅಂಕ ತೆಗೆದರೆ ಅದು ಕ್ರಮಿಸಿದ ದೂರ ಎಷ್ಟೆಂದು ಅಂಕಪಟ್ಟಿ ಹೇಳುವುದಿಲ್ಲ. ಅದು ಗೊತ್ತಿರುವುದು ಕಲಿಸಿದ ಶಿಕ್ಷಕರಿಗೆ ಮಾತ್ರ.

ಹಳೆಯ ವಿದ್ಯಾರ್ಥಿಗಳಾದ ನಾವು ಪ್ರತಿಭಾ ಪುರಸ್ಕಾರದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುತ್ತೇವೆ. ಅದು ಮುಂದುವರಿಯಲಿ. ಅದರ ಜೊತೆಗೆ ಇನ್ನೊಂದು ಬಹುಮಾನ ಇಡೋಣ ಎಂದು ಈ ಸಂಚಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಎಂಟನೇ ತರಗತಿಗೆ ಸೇರಿದಾಗ ಮಗು ಎಲ್ಲಿತ್ತು, ಹತ್ತನೇ ತರಗತಿ ಮುಗಿಸುವಾಗ ಎಲ್ಲಿಗೆ ಬಂತು ಎಂದು ಶಿಕ್ಷಕರೇ ದಾಖಲೆ ನೋಡಿ ಹೇಳಲಿ. ಅತಿ ಹೆಚ್ಚು ದೂರ ಬಂದ ಒಬ್ಬ ಹುಡುಗನಿಗೂ ಒಬ್ಬ ಹುಡುಗಿಗೂ ಅದು ಸಲ್ಲಲಿ. ಮೊದಲ ಐದು ವರ್ಷದ ಬಹುಮಾನದ ಹಣ ನನ್ನದು.