ಬಿದ್ದು ಅಂದ್ರೆ ಬಿದ್ದೋರಲ್ಲ

ಶನಿವಾರ ಸಂಜೆ ಆಲ್ಕೊಳ ಸರ್ಕಲ್ ಹತ್ರ ಟೀ ಕುಡೀತಾ ಇದ್ವಿ. ನಮ್ಮ ಬ್ಯಾಂಡ್‌ನಲ್ಲಿ ಹಾಡೋ ಹುಡುಗ ಇದ್ದಕ್ಕಿದ್ದಂಗೆ, "ನಾನಿನ್ನು ಹಾಡಲ್ಲ ಕಣ್ರೋ, ನನ್ನ ದನಿ ಕೇಳೋಕೆ ಯಾರು ಬರ್ತಾರೆ" ಅಂದುಬಿಟ್ಟ. ಯಾರ ಬಾಯಲ್ಲೂ ಮಾತಿಲ್ಲ. ಈ ಕಂತಿಗೆ ಬೇರೆ ಏನೋ ಬರೆದಿಟ್ಟಿದ್ದೆ, ಅದನ್ನ ಪಕ್ಕಕ್ಕಿಟ್ಟೆ. ಇದು ಅವನಿಗೆ. ನೀವೂ ಓದಿ.

ಬಿದ್ದು ಅಪ್ಪಯ್ಯ ಅಂತ ಒಬ್ರಿದ್ದಾರೆ. ಕೇಳಿದೀರಾ? ಇಲ್ಲ ತಾನೇ. ಆದ್ರೆ ಅವರ ಹಾಡು ನೀವು ಖಂಡಿತ ಕೇಳಿದೀರಿ. ಎಷ್ಟೋ ಮದುವೆ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಬರೋ 'ಆಪ್ ಜೈಸಾ ಕೋಯಿ' ಅವರು ಮಾಡಿದ್ದು. ಕುಂಗ್ ಫೂ ರೀಲ್ಸ್‌ಗೆಲ್ಲ ಹಾಕ್ತಾರಲ್ಲ, 'ಕುಂಗ್ ಫೂ ಫೈಟಿಂಗ್', ಅದನ್ನ ನಿರ್ಮಿಸಿದ್ದೂ ಅವರೇ. ನಮ್ಮ ಕೊಡಗಿನ ಮನೆತನದವರು, ಹುಟ್ಟಿದ್ದು 1945ರಲ್ಲಿ.

➡️ ಮುಂದಿನ ಫೋಟೊ

1960ರ ದಶಕದ ಬೆಂಗಳೂರು. ಟಿವಿ ಇಲ್ಲ. ಇಂಗ್ಲಿಷ್ ಹಾಡು ಬೇಕಂದ್ರೆ ರೇಡಿಯೊ ಸಿಲೋನ್ ಹಚ್ಚಿ ಕೂರಬೇಕು. ಹಾಗೆ ಕೇಳಿ ಕೇಳಿ ಗಿಟಾರ್ ಹಿಡಿದ ಈ ಹುಡುಗ ಗೆಳೆಯರ ಜೊತೆ 'ಟ್ರೋಜನ್ಸ್' ಅಂತ ಬ್ಯಾಂಡ್ ಕಟ್ಟಿದ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡುಗಳನ್ನೇ ಹಾಡೋದು. ಅಂದ್ರೆ ನಾವು ಈಗ ಕಾಲೇಜ್ ಡೇಲಿ ಮಾಡ್ತೀವಲ್ಲ, ಅದೇ ಕೆಲಸ. ಬ್ಯಾಂಡ್ ಒಡೀತು. ಒಡೆದ ಮೇಲೂ ಆಸಾಮಿ ಸುಮ್ಮನಾಗಲಿಲ್ಲ. 'ಲೋನ್ ಟ್ರೋಜನ್' ಅಂತ ಹೆಸರಿಟ್ಕೊಂಡು ಕಲ್ಕತ್ತಾ, ಬಾಂಬೆ ಅಂತ ಒಬ್ಬನೇ ಹಾಡಿದ. ಒಂಟಿ ಟ್ರೋಜನ್! ನಗು ಬರುತ್ತೆ, ಹೊಟ್ಟೆನೂ ಚುರ್ ಅನ್ನುತ್ತೆ.

1967ರಲ್ಲಿ ಮಧ್ಯಪ್ರಾಚ್ಯದ ದಾರಿ ಹಿಡಿದು ಲಂಡನ್ ಸೇರಿದ್ರು. ಅಲ್ಲಿ ಅಮೆರಿಕನ್ ರಾಯಭಾರ ಕಚೇರಿಯ ಅಡುಗೆಮನೇಲಿ ಕೆಲಸ. ಸ್ಟುಡಿಯೊ ಬಾಡಿಗೆಗೆ ದುಡ್ಡು ಕೂಡಿಸೋಕೆ ಅಷ್ಟು ದಿನ ಒಲೆ ಮುಂದೆ ನಿಂತ್ರು. ತಮ್ಮದೇ ದನಿಯಲ್ಲಿ ಹಾಡಿ ರೆಕಾರ್ಡ್ ತಂದ್ರು. ಓಡಲಿಲ್ಲ.

ಅವನಿಗೆ ಹೇಳ್ಬೇಕು ಅಂತಿರೋದು ಇಲ್ಲಿದೆ. ಬಿದ್ದು ಹಾಡುಗಾರನಾಗಿ ಗೆಲ್ಲಲಿಲ್ಲ. ಮೈಕ್ ಬಿಟ್ಟು ಸ್ಟುಡಿಯೊದ ಗಾಜಿನ ಈಚೆ ಬಂದು ಕೂತ್ರು, ಬೇರೆಯವರ ದನಿಗೆ ಹಾಡು ಕಟ್ಟೋಕೆ. 1969ರಲ್ಲಿ ಜಪಾನಿನ 'ಟೈಗರ್ಸ್' ಅನ್ನೋ ತಂಡಕ್ಕೆ 'ಸ್ಮೈಲ್ ಫಾರ್ ಮಿ' ಮಾಡಿಕೊಟ್ರು, ಜಪಾನಲ್ಲಿ ಚೆನ್ನಾಗಿ ಓಡ್ತು. ಆಮೇಲೆ ರಾಕ್ ಬಿಟ್ಟು ಸೋಲ್ ಕಡೆ ತಿರುಗಿದ್ರು. (ಬಿದ್ದು, ಸೋಲ್. ಎರಡೂ ಕನ್ನಡದಲ್ಲಿ ಅಪಶಕುನದ ಮಾತು ನೋಡಿ!)

ಸೋಲ್ ಅಂದ್ರೇನು ಅಂತ ಕೇಳ್ಬಹುದು. ಅಮೆರಿಕದ ಕಪ್ಪು ಜನರ ಚರ್ಚ್ ಹಾಡು, ಅದರ ಜೊತೆ ರಿದಮ್ ಅಂಡ್ ಬ್ಲೂಸ್, ಎರಡೂ ಸೇರಿ ಹುಟ್ಟಿದ್ದು. ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಅದಕ್ಕೆ ಪಿಟೀಲು ಸಾಲು, ಕುಣಿಸೋ ಬೇಸ್ ಎಲ್ಲ ಕೊಟ್ಟು ಲೋಕಕ್ಕೆಲ್ಲ ಹಂಚಿತು. ಇಂಗ್ಲೆಂಡಿನ ಉತ್ತರದ ಕಾರ್ಖಾನೆ ಊರುಗಳ ಹುಡುಗರಿಗೆ ಇದರ ಹುಚ್ಚು ಎಷ್ಟು ಅಂದ್ರೆ, 1973ರಿಂದ ವಿಗನ್ ಕ್ಯಾಸಿನೊ ಅನ್ನೋ ಜಾಗದಲ್ಲಿ ಬೆಳಗಾಗೋವರೆಗೂ ಕುಣೀತಿದ್ರು. ಭದ್ರಾವತಿ ಕಾರ್ಖಾನೆ ಶಿಫ್ಟ್ ಮುಗಿಸಿದ ಹುಡುಗರು ರಾತ್ರಿಯಿಡೀ ಕುಣಿಯೋದನ್ನ ಊಹಿಸಿಕೊಳ್ಳಿ, ಸುಮಾರಾಗಿ ಹಾಗೆ.

➡️ ಇನ್ನೊಂದು

1974. ಜಮೈಕಾ ಮೂಲದ ಕಾರ್ಲ್ ಡಗ್ಲಾಸ್ ಕೈಲಿ ಬಿದ್ದು ಒಂದು ಹಾಡು ಹಾಡಿಸ್ತಾರೆ. ರೆಕಾರ್ಡಿನ ಹಿಂದಿನ ಮುಖಕ್ಕೂ ಏನಾದ್ರೂ ಬೇಕಲ್ಲ? ಡಗ್ಲಾಸ್ ಬರೆದಿದ್ದ ಪದಗಳಲ್ಲಿ ಕುಂಗ್ ಫೂ ಬಗ್ಗೆ ಒಂದಿತ್ತು. ಸ್ಟುಡಿಯೊ ಸಮಯ ಮುಗೀತಾ ಬಂದಿತ್ತು, ಕೊನೇ ಹತ್ತು ನಿಮಿಷದಲ್ಲಿ ಎರಡೇ ಟೇಕ್‌ನಲ್ಲಿ ಮುಗಿಸಿದ್ರು. ಯಾರು ಕೇಳ್ತಾರೆ, ಹಿಂದಿನ ಮುಖ ತಾನೇ! ಪೈ ರೆಕಾರ್ಡ್ಸ್‌ನವರು ಕೇಳಿ, ಇದೇ ಮುಂದಿನ ಮುಖ ಆಗಲಿ ಅಂದ್ರು. ಮೊದಲು ವಾರಗಟ್ಟಲೆ ಬಿಕರಿ ಇಲ್ಲ, ರೇಡಿಯೊದವರೂ ಹಾಕಲಿಲ್ಲ. ಕುಣಿಯೋ ಕ್ಲಬ್‌ಗಳಲ್ಲಿ ಹತ್ತಿಕೊಂಡಿತು. ಸೆಪ್ಟೆಂಬರಲ್ಲಿ ಬ್ರಿಟನ್ನಿನಲ್ಲಿ ನಂಬರ್ 1, ಡಿಸೆಂಬರಲ್ಲಿ ಅಮೆರಿಕದಲ್ಲಿ ನಂಬರ್ 1.

ನನಗೆ ಆ ಹಾಡು ಅಷ್ಟಾಗಿ ಹಿಡಿಸಲ್ಲ. ಶುರುವಿನ ಆ 'ಚೀನೀ' ರಾಗ ಒಂದು ದೇಶದ ಜನರನ್ನ ಆಟಿಕೆ ಮಾಡಿದಂಗೆ ಕೇಳ್ಸುತ್ತೆ. ಬಿದ್ದು ಅವರ ಕೈಚಳಕ ನೋಡ್ಬೇಕಂದ್ರೆ 1976ಕ್ಕೆ ಬನ್ನಿ. ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಬ್ರಿಟನ್ನಲ್ಲಿ ನಂಬರ್ 1. ಅದೇ ವರ್ಷ ಜಿಮ್ಮಿ ಜೇಮ್ಸ್ ಅನ್ನೋ ಸೋಲ್ ಗಾಯಕನಿಗೆ 'ನೌ ಈಸ್ ದ ಟೈಮ್' ಬರೆದುಕೊಟ್ರು. ಜಿಮ್ಮಿ 60ರ ದಶಕದಿಂದ ಲಂಡನ್ನಲ್ಲಿ ಹಾಡ್ತಾ ಇದ್ದವರು. ಪಟ್ಟಿಯಲ್ಲಿ ಅಷ್ಟು ಮೇಲಕ್ಕೆ ಏರಿದ್ದು ನಮ್ಮವರ ಹಾಡಿನಿಂದ. ಹೋಗಲಿ, ಬಿದ್ದು ಸ್ವಂತ ಹೆಸರಿಗೆ? ಬಂತು, 1975ರಲ್ಲೇ. 'ಬಿದ್ದು ಆರ್ಕೆಸ್ಟ್ರಾ' ಅಂತ, 'ಸಮ್ಮರ್ ಆಫ್ 42'. ಹಾಡುಗಾರನಾಗಿ ಬಾರದ್ದು ವಾದ್ಯವೃಂದವಾಗಿ ಬಂತು.

1980ರಲ್ಲಿ ಫಿರೋಜ್ ಖಾನ್ 'ಕುರ್ಬಾನಿ' ಚಿತ್ರಕ್ಕೆ ಒಂದೇ ಒಂದು ಹಾಡು ಕೇಳಿದ್ರು, ಉಳಿದ ಸಂಗೀತ ಕಲ್ಯಾಣ್‌ಜಿ ಆನಂದ್‌ಜಿ ಅವರದ್ದು. ಹಾಡಿದ್ದು ಲಂಡನ್ನಲ್ಲಿದ್ದ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್, ಆಗ ಹೆಚ್ಚುಕಮ್ಮಿ ನಮ್ಮ ಪಿಯುಸಿ ವಯಸ್ಸು. ಮಾರನೇ ವರ್ಷ 'ಡಿಸ್ಕೊ ದೀವಾನೆ' ಆಲ್ಬಮ್. 1995ರಲ್ಲಿ ಅಲಿಶಾ ಚಿನಾಯ್ ಜೊತೆ 'ಮೇಡ್ ಇನ್ ಇಂಡಿಯಾ'. ನಿಮ್ಮ ಅಮ್ಮನ್ನ ಕೇಳಿ, ಬಾಯಿಪಾಠ ಇರುತ್ತೆ. 2010ರಲ್ಲಿ ಬಂದ ಅವರ ಆತ್ಮಕಥೆಯ ಹೆಸರೂ ಅದೇ.

ಇಷ್ಟು ಉದ್ದ ಬರೆದದ್ದು 'ನೀನೂ ಬಿದ್ದು ಆಗ್ತೀಯ' ಅನ್ನೋಕಲ್ಲ ಮಾರಾಯ. ಆ ಮಾತು ಸುಳ್ಳು, ನಿನಗೂ ಗೊತ್ತು. ಹಾಡೋದು ಬೇಡ ಅಂದ್ರೆ ಬೇಡ. ನೀನು ಬರೆದ ಆ ಎರಡು ಟ್ಯೂನ್ ಮಾತ್ರ ತಗೊಂಡು ಬಾ, ಇನ್ನೊಬ್ಬರ ಕೈಲಿ ಹಾಡ್ಸೋಣ. ಭಾನುವಾರ ಐದು ಗಂಟೆ. ರೂಮಿನ ಕೀ ನಮ್ಮನೇಲೇ ಇದೆ.